ಅಚ್ಚಿಗೆ ಹೋಗುವ ಫೋಟೋ: ಯಾವ ಕೆಲಸಕ್ಕೆ ಯಾವ ಕ್ಯಾಮೆರಾ?

ಡೆಮಿ 1/8 ಅಳತೆಯ ಪುಸ್ತಕದ ಮುಖಪುಟಕ್ಕೆ ನಾಲ್ಕೂಕಾಲು ಮೆಗಾಪಿಕ್ಸೆಲ್ ಸಾಕು. ಪಿಕ್ಸೆಲ್ ಅಂದರೆ ಡಿಜಿಟಲ್ ಚಿತ್ರದ ಒಂದು ಚುಕ್ಕೆ, ಅಂಥ ಹತ್ತು ಲಕ್ಷ ಸೇರಿದರೆ ಒಂದು ಮೆಗಾಪಿಕ್ಸೆಲ್. ಲೆಕ್ಕ ಸುಲಭ. ಅಗಲ ಐದೂವರೆ ಇಂಚು, ಎತ್ತರ ಎಂಟೂವರೆ ಇಂಚು. ನುಣುಪು ಕಾಗದದ ಮೇಲೆ ಆಫ್‌ಸೆಟ್ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಇರಬೇಕು ಅನ್ನುವುದು ರೂಢಿ. ಗುಣಿಸಿದರೆ 1650 × 2550, ಅಂದರೆ ಸುಮಾರು 42 ಲಕ್ಷ ಪಿಕ್ಸೆಲ್. ಎ4 ಅಳತೆಯ ಮ್ಯಾಗಜೀನಿನಲ್ಲಿ ಇಡೀ ಪುಟ ತುಂಬಬೇಕಾದರೆ 2480 × 3508, ಅಂದರೆ ಸುಮಾರು 8.7 ಮೆಗಾಪಿಕ್ಸೆಲ್. ಎದುರುಬದುರು ಎರಡು ಪುಟಕ್ಕೆ ಒಂದೇ ಫೋಟೋ ಹರಡಿದರೂ ಹದಿನೇಳೂವರೆ ದಾಟುವುದಿಲ್ಲ. ದಿನಪತ್ರಿಕೆಗೆ ಇನ್ನೂ ಕಡಿಮೆ. ಅದರ ಕಾಗದ ಶಾಯಿ ಹೀರುತ್ತದೆ, ಚುಕ್ಕೆ ಹರಡುತ್ತದೆ. ಇಂಚಿಗೆ 200 ಪಿಕ್ಸೆಲ್ ಇದ್ದರೆ ಆಯಿತು. ಹನ್ನೆರಡು ಸೆಂಟಿಮೀಟರ್ ಅಗಲದ ಸುದ್ದಿಚಿತ್ರಕ್ಕೆ ಸಾವಿರ ಪಿಕ್ಸೆಲ್ ಕೂಡ ಬೇಡ.

ಇವತ್ತಿನ ಸಾಧಾರಣ ಫೋನ್ ಕೂಡ 12 ಮೆಗಾಪಿಕ್ಸೆಲ್ ಕೊಡುತ್ತದೆ. ಹಾಗಾದರೆ ಕ್ಯಾಮೆರಾ ಯಾಕೆ ಕೊಳ್ಳಬೇಕು ಅಂತ ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ.

ಮೈಸೂರಿನಲ್ಲಿ ಪುಸ್ತಕ, ಸ್ಮರಣ ಸಂಚಿಕೆಗಳ ಪುಟ ಕಟ್ಟುವ ಕೆಲಸ ನನ್ನದು. ನನ್ನ ಮೇಜಿಗೆ ಬರುವ ಫೋಟೋಗಳನ್ನು ಪಿಕ್ಸೆಲ್ ಕಡಿಮೆ ಅಂತ ವಾಪಸ್ ಕಳಿಸುವುದು ಅಪರೂಪ. ಕಳಿಸುವುದು ಬೇರೆ ಎರಡು ಕಾರಣಕ್ಕೆ. ಒಂದು, ವಸ್ತು ದೂರ ಇತ್ತು, ಸುತ್ತಲಿನದನ್ನು ಕತ್ತರಿಸಿ ಅದನ್ನು ದೊಡ್ಡದು ಮಾಡಿರುತ್ತಾರೆ. ಇನ್ನೊಂದು, ಬೆಳಕು ಸಾಲದೆ ಇತ್ತು, ಕಾಣದೆ ಹೋದದ್ದನ್ನು ಫೋನ್ ತನಗೆ ತೋಚಿದಂತೆ ತುಂಬಿಸಿರುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಎರಡೇ ವಿಷಯ ಯೋಚಿಸಿ. ನೀವು ತೆಗೆಯುವ ವಸ್ತು ಎಷ್ಟು ದೂರ ಇರುತ್ತದೆ? ಎಷ್ಟು ಬೆಳಕಿನಲ್ಲಿ ಇರುತ್ತದೆ? ಇಷ್ಟು ಗೊತ್ತಾದರೆ ಕ್ಯಾಮೆರಾ ಹೆಚ್ಚುಕಡಿಮೆ ತಾನೇ ನಿಶ್ಚಯವಾಗುತ್ತದೆ. ಕ್ಯಾನನ್ನೋ ನಿಕಾನೋ ಅನ್ನುವ ಜಗಳ ಆಮೇಲಿನದು.

ಫೋನ್ ಎಲ್ಲಿವರೆಗೆ ಸಾಕು

ಹಗಲು ಬೆಳಕು, ನಾಲ್ಕಾರು ಅಡಿ ದೂರ, ಓಡದ ವಸ್ತು. ಇಷ್ಟಿದ್ದರೆ ಫೋನ್ ಸಾಕು. ಮಂಡ್ಯದ ಆಲೆಮನೆಯ ಕೊಪ್ಪರಿಗೆ, ದೇವರಾಜ ಮಾರುಕಟ್ಟೆಯ ಹೂವಿನ ರಾಶಿ, ಕಿಟಕಿ ಪಕ್ಕ ಕೂತ ಲೇಖಕರ ಭಾವಚಿತ್ರ, ಇವಕ್ಕೆ ಸುಮ್ನೆ ಲಕ್ಷ ರೂಪಾಯಿ ಹಾಕಬೇಡಿ.

ಡಬ್ಬದ ಮೇಲಿನ 50, 108, 200 ಅನ್ನುವ ಸಂಖ್ಯೆಗಳನ್ನು ಮಾತ್ರ ನಂಬಬೇಡಿ. 50 ಮೆಗಾಪಿಕ್ಸೆಲ್ ಫೋನ್ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡುತ್ತದೆ. 108ರದ್ದು ಒಂಬತ್ತನ್ನು ಸೇರಿಸುತ್ತದೆ, 200ರದ್ದು ಹದಿನಾರನ್ನು. ಮೂರರಲ್ಲೂ ಕೊನೆಗೆ ಉಳಿಯುವುದು 12ರ ಆಸುಪಾಸು. ಪೂರ್ತಿ ರೆಸಲ್ಯೂಶನ್ನಿನಲ್ಲಿ ತೆಗೆಯುವ ಮೋಡ್ ಇರುತ್ತದೆ ನಿಜ. ಒಳ್ಳೆ ಬಿಸಿಲಿನಲ್ಲಿ ಅದರಿಂದ ಸ್ವಲ್ಪ ಲಾಭ ಇದೆ. ಮನೆಯೊಳಗೆ ಏನೂ ಇಲ್ಲ.

ಫೋನಿನ ನಿಜವಾದ ತೊಂದರೆ ಬೇರೆ. ಅದು ನಿಮ್ಮನ್ನು ಕೇಳದೆ ಚಿತ್ರವನ್ನು ತಿದ್ದುತ್ತದೆ. ಅಂಚುಗಳನ್ನು ಚೂಪು ಮಾಡುತ್ತದೆ, ಚರ್ಮದ ಗೆರೆ ಅಳಿಸುತ್ತದೆ, ಹುಲ್ಲನ್ನು ಕುಂಚದಲ್ಲಿ ಎಳೆದ ಹಾಗೆ ಮಾಡುತ್ತದೆ. ಆರಿಂಚಿನ ಪರದೆಯಲ್ಲಿ ಇದು ಚೆನ್ನಾಗೇ ಕಾಣುತ್ತದೆ. ಆರ್ಟ್ ಪೇಪರಿನ ಮೇಲೆ ಎ4 ಅಳತೆಗೆ ಬಂದಾಗ ಬಣ್ಣ ಬಯಲಾಗುತ್ತದೆ. ಪೋರ್ಟ್ರೇಟ್ ಮೋಡಿನಲ್ಲಿ ಕನ್ನಡಕದ ಕಡ್ಡಿ ಮಾಯವಾಗುವುದು, ಕೂದಲಿನ ಅಂಚು ಹಿಸುಕಿದಂತಾಗುವುದು ಮಾಮೂಲಿ. ಆ ಮೋಡನ್ನು ಪುಸ್ತಕದ ಕೆಲಸಕ್ಕೆ ಮುಟ್ಟಲೇಬೇಡಿ. ಪ್ರೊ ಮೋಡ್ ಇದ್ದರೆ ರಾ ಫೈಲ್, ಅಂದರೆ ತಿದ್ದದ ಮೂಲ ಫೈಲ್, ತೆಗೆದಿಡಿ. ಬೆರಳು ಚಾಚಿ ಜೂಮ್ ಮಾಡಬೇಡಿ. ಫೋನಿನ ಬೆನ್ನಿನ ಮೇಲೆ ನಿಜವಾಗಿ ಇರುವ ಲೆನ್ಸುಗಳ ಅಳತೆಯಲ್ಲೇ ತೆಗೆಯಿರಿ, ಬೇಕಾದರೆ ಎರಡು ಹೆಜ್ಜೆ ಮುಂದೆ ಹೋಗಿ.

ಫೋನ್ ಕೊಡುವ ನೀಲಿ ಆಕಾಶ ಇನ್ನೊಂದು ತಲೆನೋವು. ಅಷ್ಟು ಹೊಳೆಯುವ ನೀಲಿ ನಾಲ್ಕು ಬಣ್ಣದ ಮುದ್ರಣದಲ್ಲಿ ಬರುವುದೇ ಇಲ್ಲ. ಅಚ್ಚಾದ ಮೇಲೆ ಮಂಕಾಗುತ್ತದೆ, ಬೈಗುಳ ಪ್ರೆಸ್ಸಿನವರಿಗೆ.

ದೂರದ ಲೆಕ್ಕ: ರಂಗನತಿಟ್ಟು ಮತ್ತು ಕೊಕ್ಕರೆಬೆಳ್ಳೂರು

ಬಿಳಿ ಎದೆಯ ಮಿಂಚುಳ್ಳಿ ಕೊಕ್ಕಿನಿಂದ ಬಾಲದವರೆಗೆ ಸುಮಾರು 28 ಸೆಂಟಿಮೀಟರ್. ರಂಗನತಿಟ್ಟಿನಲ್ಲಿ ದೋಣಿಯಿಂದ 20 ಮೀಟರ್ ದೂರದ ಕೊಂಬೆಯ ಮೇಲೆ ಅದು ಕೂತಿದೆ ಅಂದುಕೊಳ್ಳಿ. ಒಂದೊಂದು ಕ್ಯಾಮೆರಾದಲ್ಲಿ ಆ ಹಕ್ಕಿ ಎಷ್ಟು ಪಿಕ್ಸೆಲ್ ಉದ್ದ ಬರುತ್ತದೆ ಅಂತ ಲೆಕ್ಕ ಹಾಕೋಣ.

ಫೋನಿನ ಮುಖ್ಯ ಲೆನ್ಸಿನಲ್ಲಿ ನಲವತ್ತು ಪಿಕ್ಸೆಲ್ ಕೂಡ ಇಲ್ಲ. ಅಚ್ಚಿನಲ್ಲಿ ಮೂರು ಮಿಲಿಮೀಟರ್, ಅಂದರೆ ಒಂದು ಚುಕ್ಕೆ. ದುಬಾರಿ ಫೋನಿನ ಐದು ಪಟ್ಟು ಜೂಮ್ ಲೆನ್ಸಿನಲ್ಲಿ ಸುಮಾರು 190 ಪಿಕ್ಸೆಲ್. ಅಚ್ಚಿನಲ್ಲಿ ಒಂದೂವರೆ ಸೆಂಟಿಮೀಟರ್ ಚಿಲ್ಲರೆ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಕ್ಯಾಮೆರಾಗೆ (ಬೆಳಕು ಹಿಡಿಯುವ ಸೆನ್ಸರ್ ಮಧ್ಯಮ ಅಳತೆಯದು) 400 ಎಂಎಂ ಲೆನ್ಸ್ ಹಾಕಿದರೆ ಸುಮಾರು 1400 ಪಿಕ್ಸೆಲ್. ಲೆನ್ಸಿನ ಎಂಎಂ ಸಂಖ್ಯೆ ಹೆಚ್ಚಾದಷ್ಟೂ ದೂರದ್ದು ದೊಡ್ಡದಾಗಿ ಬರುತ್ತದೆ. ಅಚ್ಚಿನಲ್ಲಿ ಹನ್ನೆರಡು ಸೆಂಟಿಮೀಟರ್, ಅರ್ಧ ಪುಟಕ್ಕೆ ಧಾರಾಳ.

ಇಲ್ಲೊಂದು ತಮಾಷೆ ಇದೆ. ಅದೇ 400 ಎಂಎಂ ಲೆನ್ಸನ್ನು ಅದೇ 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್, ಅಂದರೆ ಇನ್ನೂ ದೊಡ್ಡ ಸೆನ್ಸರಿನ, ಬಾಡಿಗೆ (ಲೆನ್ಸ್ ಇಲ್ಲದ ಬರೀ ಕ್ಯಾಮೆರಾಗೆ) ಹಾಕಿದರೆ ಹಕ್ಕಿ ಸುಮಾರು 930 ಪಿಕ್ಸೆಲ್ಲಿಗೆ ಇಳಿಯುತ್ತದೆ, ಎಂಟು ಸೆಂಟಿಮೀಟರ್ ಅಷ್ಟೇ. ಸೆನ್ಸರ್ ದೊಡ್ಡದು, ಹಕ್ಕಿಯ ಬಿಂಬ ಅಷ್ಟೇ ದೊಡ್ಡದು, ಆ ಬಿಂಬದ ಮೇಲೆ ಬೀಳುವ ಪಿಕ್ಸೆಲ್ ಮಾತ್ರ ಕಡಿಮೆ. ಫುಲ್ ಫ್ರೇಮ್ ಅಂದರೆ ಎಲ್ಲದಕ್ಕೂ ಮೇಲು ಅಂತ ಹೇಳಿಕೊಂಡು ಬಂದವರಿಗೆ ಇದನ್ನು ತೋರಿಸಿ. ದೂರದ ಹಕ್ಕಿ ತೆಗೆಯುವವರಿಗೆ, ಲೆನ್ಸಿಗೆ ಇಡುವ ದುಡ್ಡು ಸೀಮಿತ ಇದ್ದಾಗ, ಎಪಿಎಸ್-ಸಿ ಬಾಡಿಯೇ ಒಳ್ಳೆಯದು.

ಬ್ರಿಡ್ಜ್ ಕ್ಯಾಮೆರಾ ಅಂತ ಒಂದು ಜಾತಿ ಇದೆ. ಲೆನ್ಸ್ ಬಿಚ್ಚಲು ಬರುವುದಿಲ್ಲ, ಜೂಮ್ ಮಾತ್ರ ಅಪಾರ. ನಿಕಾನ್ ಪಿ950ಯಲ್ಲಿ 83 ಪಟ್ಟು ಜೂಮ್, 16 ಮೆಗಾಪಿಕ್ಸೆಲ್. ಆ ಮಿಂಚುಳ್ಳಿ ಇದರ ಚೌಕಟ್ಟನ್ನು ಹೆಚ್ಚುಕಡಿಮೆ ತುಂಬಿಬಿಡುತ್ತದೆ. ಕಾಗದದ ಲೆಕ್ಕದಲ್ಲಿ ಎಲ್ಲರನ್ನೂ ಸೋಲಿಸುತ್ತದೆ. ಆದರೆ ಸೆನ್ಸರ್ ಫೋನಿನಷ್ಟೇ ಪುಟ್ಟದು, ಪೂರ್ತಿ ಜೂಮಿನಲ್ಲಿ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್/6.5. ಈ ಸಂಖ್ಯೆ ಹೆಚ್ಚಾದಷ್ಟೂ ಬೆಳಕು ಕಡಿಮೆ. ಬೆಳಿಗ್ಗೆ ಒಂಬತ್ತರ ಬಿಸಿಲಿನಲ್ಲಿ ಕೂತ ಹಕ್ಕಿಗೆ ಕಾಲು ಪುಟದ ಚಿತ್ರ ಖಂಡಿತ ಬರುತ್ತದೆ. ಮೋಡ ಕವಿದ ದಿನ, ಹಾರುವ ಹಕ್ಕಿ ಅಂದರೆ ಕೈ ಎತ್ತುತ್ತದೆ. ಹಕ್ಕಿಗಳ ಪಟ್ಟಿ, ಶಾಲೆಯ ಕಿರುಹೊತ್ತಿಗೆ, ಗುರುತಿಗಾಗಿ ಒಂದು ಚಿತ್ರ, ಇಂಥದ್ದಕ್ಕೆ ಇದು ಅಗ್ಗದ ದಾರಿ. ಕೊಳ್ಳುವುದಾದರೆ ಹಳೆಯ ಪಿ900 ಬೇಡ. ಅದರಲ್ಲಿ ರಾ ಫೈಲ್ ಇಲ್ಲ, ಪಿ950ಯಲ್ಲಿ ಇದೆ.

ದೋಣಿಯಲ್ಲಿ ಟ್ರೈಪಾಡ್ ಉಪಯೋಗಕ್ಕೆ ಬರುವುದಿಲ್ಲ. ಪಕ್ಕದವರು ಮೊಸಳೆ ನೋಡಲು ಒಂದು ಬದಿಗೆ ಬಾಗಿದರೆ ಸಾಕು, ಎಲ್ಲ ಅಲುಗುತ್ತದೆ. ಕೈಯಲ್ಲೇ ಹಿಡಿದು, ಷಟರ್ 1/1000 ಸೆಕೆಂಡಿನ ಮೇಲಿಟ್ಟು ತೆಗೆಯಬೇಕು. ಆಗ ತೂಕ ಮುಖ್ಯವಾಗುತ್ತದೆ. ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳ 150-600 ಲೆನ್ಸುಗಳು ಸುಮಾರು ಎರಡು ಕೆಜಿ. ನಿಕಾನಿನ 200-500 ಅದಕ್ಕಿಂತಲೂ ಭಾರ. ಕ್ಯಾನನ್ನಿನ ಆರ್‌ಎಫ್ 100-400 ಬರೀ 635 ಗ್ರಾಂ. ಇದನ್ನು ಕ್ಯಾನನ್ ಆರ್10 ಬಾಡಿಗೆ ಹಾಕಿದರೆ ಇಡೀ ದಿನ ಕುತ್ತಿಗೆಗೆ ನೇತು ಹಾಕಿಕೊಂಡಿರಬಹುದು. ಆರ್10 ಪ್ರಾಣಿ, ಪಕ್ಷಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆ. ಸೆಕೆಂಡಿಗೆ 15 ಚಿತ್ರ ತೆಗೆಯುತ್ತದೆ. ಹೊಸದಾಗಿ ಹಕ್ಕಿ ಫೋಟೋ ಶುರು ಮಾಡುವವರಿಗೆ ನನ್ನ ಮೊದಲ ಆಯ್ಕೆ ಈ ಜೋಡಿ. ಕೊರತೆ ಒಂದೇ. 400ರಲ್ಲಿ ಅದರ ಅಪರ್ಚರ್ ಎಫ್/8. ಸೂರ್ಯ ಹುಟ್ಟಿದ ಮೊದಲ ಅರ್ಧ ಗಂಟೆ ಐಎಸ್‌ಒ 3200 ದಾಟುತ್ತದೆ. ಐಎಸ್‌ಒ ಅಂದರೆ ಸಿಕ್ಕ ಬೆಳಕನ್ನು ಕ್ಯಾಮೆರಾ ಹಿಗ್ಗಿಸುವ ಪ್ರಮಾಣ, ಏರಿದಷ್ಟೂ ಚಿತ್ರ ಕಾಳು ಕಾಳಾಗುತ್ತದೆ. ನಿಕಾನ್ 200-500 ಎಫ್/5.6ರಲ್ಲೇ ಇರುತ್ತದೆ, ಅಂದರೆ ಎರಡರಷ್ಟು ಬೆಳಕು. ಬೆಲೆ ತೆರುವುದು ಭುಜ.

ದುಡ್ಡು ಬಿಗಿ ಇದ್ದರೆ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ7500 ನೋಡಿ. ಅದೃಷ್ಟ ಇದ್ದರೆ ಡಿ500 ಸಿಗಬಹುದು. ಎರಡರದ್ದೂ 20.9 ಮೆಗಾಪಿಕ್ಸೆಲ್. ಡಿ500 ಬಂದದ್ದು 2016ರಲ್ಲಿ, ಸೆಕೆಂಡಿಗೆ ಹತ್ತು ಚಿತ್ರ, 153 ಫೋಕಸ್ ಬಿಂದು. ಹಕ್ಕಿಯ ಕಣ್ಣು ಇದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಆದರೆ ನೀವು ಒಮ್ಮೆ ತೋರಿಸಿಕೊಟ್ಟ ಹಕ್ಕಿಯನ್ನು ಬಿಡುವುದಿಲ್ಲ.

ಕೊಕ್ಕರೆಬೆಳ್ಳೂರಿನ ವಿಷಯ ಬೇರೆ. ಮದ್ದೂರು ತಾಲ್ಲೂಕಿನ ಈ ಊರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಮನೆಗಳ ನಡುವಿನ ಮರಗಳಲ್ಲಿ. ಹಕ್ಕಿ ತಲೆಯ ಮೇಲೇ ಇರುತ್ತದೆ, ದೊಡ್ಡದೂ ಹೌದು. ಅಲ್ಲಿ 55-250 ಅಥವಾ 70-300 ಎಂಎಂ ಲೆನ್ಸ್ ಸಾಕು. 600 ಎಂಎಂ ಹೊತ್ತು ಹೋದರೆ ಹೆಜ್ಜಾರ್ಲೆಯ ಕೊಕ್ಕು ಮಾತ್ರ ಬರುತ್ತದೆ. ಅಲ್ಲಿನ ತೊಂದರೆ ಹಿಂದಿನ ಆಕಾಶ. ಕ್ಯಾಮೆರಾ ಆಕಾಶ ನೋಡಿ ಹಕ್ಕಿಯನ್ನು ಕಪ್ಪಗೆ ಮಾಡುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ (ಅಂದರೆ ಎರಡರಷ್ಟು ಬೆಳಕಿಗೆ) ಏರಿಸಿಕೊಳ್ಳಿ, ರಾ ತೆಗೆಯಿರಿ. ಇದಕ್ಕೆ ದುಬಾರಿ ಕ್ಯಾಮೆರಾ ಏನೂ ಬೇಡ.

ಕತ್ತಲೆಯ ಲೆಕ್ಕ: ಸೋಮನಾಥಪುರ ಮತ್ತು ರಂಗಮಂದಿರ

ಸೋಮನಾಥಪುರದ ಕೇಶವ ದೇವಾಲಯ 1258ರದ್ದು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅದರ ಫೋಟೋ ಕೇಳುವವರು ಜಾಸ್ತಿಯಾಗಿದ್ದಾರೆ. ಹೊರಗೋಡೆಯ ಶಿಲ್ಪಕ್ಕೆ ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಇದ್ದರೆ ಯಾವ ಕ್ಯಾಮೆರಾ ಆದರೂ ನಡೆಯುತ್ತದೆ, ಫೋನ್ ಕೂಡ. ಪರೀಕ್ಷೆ ಇರುವುದು ಒಳಗೆ. ನವರಂಗದ ಭುವನೇಶ್ವರಿಗಳು, ಅಂದರೆ ಒಳಮಂಟಪದ ಕೆತ್ತಿದ ಛಾವಣಿಗಳು, ಒಂದೊಂದೂ ಒಂದೊಂದು ತರಹ, ಆದರೆ ಬೆಳಕು ಇಲ್ಲ. ಟ್ರೈಪಾಡ್ ಹಿಡಿದು ಹೋಗಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಫ್ಲಾಷ್ ಹೊಡೆದರೆ ಕಲ್ಲಿನ ಆಳವೆಲ್ಲ ಹೋಗಿ ಗೋಡೆ ಚಪ್ಪಟೆಯಾಗುತ್ತದೆ.

ಇಲ್ಲಿ ಸೆನ್ಸರಿನ ವಿಸ್ತೀರ್ಣ ಮಾತಾಡುತ್ತದೆ. ಫುಲ್ ಫ್ರೇಮ್ 36 × 24 ಎಂಎಂ, ಅಂದರೆ 864 ಚದರ ಮಿಲಿಮೀಟರ್. ಎಪಿಎಸ್-ಸಿ ಸುಮಾರು 370. ಮೈಕ್ರೋ ಫೋರ್ ಥರ್ಡ್ಸ್ 225. ಒಂದಿಂಚಿನ ಸೆನ್ಸರ್ ಅನ್ನುವುದು ಹೆಸರಿಗೆ ಮಾತ್ರ ಒಂದಿಂಚು, ನಿಜವಾಗಿ 116. ಬಹುತೇಕ ಫೋನುಗಳದ್ದು ನೂರರ ಒಳಗೆ. ಸೆನ್ಸರ್ ದೊಡ್ಡದಾದಷ್ಟೂ ಸೇರುವ ಬೆಳಕು ಹೆಚ್ಚು, ಕಾಳು ಕಾಳಾಗುವುದು ಕಡಿಮೆ. ಫುಲ್ ಫ್ರೇಮಿಗೂ ಎಪಿಎಸ್-ಸಿಗೂ ಇರುವ ಅಂತರ ಒಂದೂಕಾಲು ಸ್ಟಾಪಿನಷ್ಟು.

ಆದರೆ ಜನ ಮರೆಯುವುದು ಲೆನ್ಸನ್ನು. ಫುಲ್ ಫ್ರೇಮ್ ಕೊಂಡು ಅದರ ಜೊತೆ ಬಂದ ಕಿಟ್ ಲೆನ್ಸಿನಲ್ಲೇ ತೆಗೆಯುತ್ತಾರೆ. ಉದಾಹರಣೆಗೆ ನಿಕಾನ್ 24-50 ಲೆನ್ಸ್ 50ರಲ್ಲಿ ಎಫ್/6.3. ಸಾಧಾರಣ ಎಪಿಎಸ್-ಸಿ ಬಾಡಿಗೆ 35 ಎಂಎಂ ಎಫ್/1.8 ಹಾಕಿದರೆ ಅದರ ಅಪರ್ಚರ್ ಮೂರೂವರೆ ಸ್ಟಾಪ್ ಮುಂದಿರುತ್ತದೆ. ಸೆನ್ಸರಿನ ಒಂದೂಕಾಲು ಕಳೆದರೂ ಎರಡು ಸ್ಟಾಪಿಗಿಂತ ಜಾಸ್ತಿ ಲಾಭ. ಅಂದರೆ ಐಎಸ್‌ಒ 6400ರ ಬದಲು 1600ಕ್ಕಿಂತ ಕಡಿಮೆಯಲ್ಲಿ ತೆಗೆದಂತೆ. ಎಫ್/1.8 ಲೆನ್ಸುಗಳು ಎಲ್ಲ ಕಂಪನಿಯಲ್ಲೂ ಅಗ್ಗದ ಸಾಲಿನಲ್ಲೇ ಇವೆ. ಮೊದಲು ಲೆನ್ಸ್ ಕೊಳ್ಳಿ, ಆಮೇಲೆ ಬಾಡಿ ಬದಲಿಸುವ ಮಾತು.

ಕಲ್ಲು ಅಲುಗುವುದಿಲ್ಲ ಅನ್ನುವುದೂ ದೊಡ್ಡ ಅನುಕೂಲ. ಬಾಡಿಯೊಳಗೆ ಸೆನ್ಸರ್ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ 1/8, 1/4 ಸೆಕೆಂಡಿನಲ್ಲೂ ಕೈಯಲ್ಲಿ ಹಿಡಿದು ತೆಗೆಯಬಹುದು. ನಿಕಾನ್ ಝಡ್5ರಲ್ಲಿ ಇದು ಇದೆ, ಸೋನಿ ಎ7 3ರಲ್ಲಿ ಇದೆ. ಕ್ಯಾನನ್ ಆರ್8 ಇವಕ್ಕಿಂತ ಹೊಸದು, ಫೋಕಸ್ ಚುರುಕು, ಆದರೆ ಇದು ಇಲ್ಲ. ಎಪಿಎಸ್-ಸಿಯಲ್ಲಿ ಕ್ಯಾನನ್ ಆರ್7ರಲ್ಲಿ ಇದೆ. ಆರ್10, ಆರ್50, ನಿಕಾನ್ ಝಡ್50, ಸೋನಿ ಎ6400 ಯಾವುದರಲ್ಲೂ ಇಲ್ಲ. ದೇವಾಲಯ, ವಾಸ್ತು, ಶಾಸನ ನಿಮ್ಮ ವಿಷಯ ಆಗಿದ್ದರೆ ನಾನು ಝಡ್5 ಅಂತಲೇ ಹೇಳುತ್ತೇನೆ. 24.3 ಮೆಗಾಪಿಕ್ಸೆಲ್, ಎರಡು ಮೆಮೊರಿ ಕಾರ್ಡ್. ಸೆಕೆಂಡಿಗೆ ನಾಲ್ಕೂವರೆ ಚಿತ್ರ ಅಷ್ಟೇ. ಆದರೆ ಕೇಶವ ದೇವರು ಎಲ್ಲಿಗೆ ಓಡುತ್ತಾನೆ?

ಭುವನೇಶ್ವರಿ ತೆಗೆಯಲು ಇನ್ನೂ ಸುಲಭದ ಉಪಾಯ ಇದೆ. ಕ್ಯಾಮೆರಾವನ್ನು ಬಟ್ಟೆ ಹಾಸಿ ನೆಲದ ಮೇಲೆ ಬೆನ್ನು ಕೆಳಗೆ ಮಾಡಿ ಇಡಿ. ಐಎಸ್‌ಒ 100, ಎಫ್/8, ಎರಡು ಸೆಕೆಂಡಿನ ಸೆಲ್ಫ್ ಟೈಮರ್. ಬಟನ್ ಒತ್ತಿ ಬದಿಗೆ ಸರಿಯಿರಿ. ಇಪ್ಪತ್ತು ಸಾವಿರದ ಹಳೆ ಕ್ಯಾಮೆರಾ ಎರಡು ಲಕ್ಷದ್ದಕ್ಕೆ ಸಮ ನಿಲ್ಲುತ್ತದೆ. ಬಾಗುವ ಪರದೆ ಇದ್ದರೆ ಕೆಳಗೆ ಮಲಗಿ ನೋಡುವ ಕಷ್ಟವೂ ತಪ್ಪುತ್ತದೆ.

ನಾಟಕ, ನೃತ್ಯ, ಸಂಗೀತ ಕಛೇರಿ ಅಂದರೆ ಮೇಲೆ ಹೇಳಿದ್ದು ಪೂರ್ತಿ ತಲೆಕೆಳಗು. ರಂಗಾಯಣದಲ್ಲಿ ನಟ ಕೈ ಎತ್ತುತ್ತಾನೆ, ತಲೆ ತಿರುಗಿಸುತ್ತಾನೆ. ಅವನನ್ನು ನಿಲ್ಲಿಸಲು 1/250 ಆದರೂ ಬೇಕು. ಕ್ಯಾಮೆರಾ ಅಲುಗಾಟ ತಡೆದರೆ ನಟನ ಅಲುಗಾಟ ನಿಲ್ಲುವುದಿಲ್ಲ ಅಲ್ವಾ. ಇಲ್ಲಿ ಬೇಕಾದದ್ದು 85 ಎಂಎಂ ಎಫ್/1.8, ಅಥವಾ ದುಡ್ಡಿದ್ದರೆ 70-200 ಎಫ್/2.8, ಜೊತೆಗೆ ಚುರುಕು ಫೋಕಸ್. ಆರ್8 ಇಲ್ಲಿ ಝಡ್5ನ್ನು ಹಿಂದೆ ಹಾಕುತ್ತದೆ. ಮುಂದಿನ ಸಾಲಿನಲ್ಲಿ ಕೂತು ಡಿಎಸ್‌ಎಲ್‌ಆರ್ (ಒಳಗಿನ ಕನ್ನಡಿ ಮೇಲೆದ್ದು ಚಿತ್ರ ತೆಗೆಯುವ ಹಳೆ ಬಗೆಯ ಕ್ಯಾಮೆರಾ) ಟಕ್ ಟಕ್ ಅನ್ನಿಸಿದರೆ ಪ್ರೇಕ್ಷಕರು ತಿರುಗಿ ನೋಡುತ್ತಾರೆ. ಆ ಕನ್ನಡಿ ಇಲ್ಲದ ಮಿರರ್‌ಲೆಸ್‌ನಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಇದೆ. ಆದರೆ ರಂಗದ ಮೇಲಿನ ಎಲ್‌ಇಡಿ ದೀಪಗಳ ಕೆಳಗೆ ಅದು ಚಿತ್ರದ ಮೇಲೆ ಅಡ್ಡ ಪಟ್ಟಿ ಎಳೆಯಬಹುದು. ನಾಟಕ ಶುರುವಾದ ಮೊದಲ ಐದು ನಿಮಿಷದಲ್ಲೇ ಒಂದೆರಡು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಪಟ್ಟಿ ಕಂಡರೆ ಪೂರ್ತಿ ಎಲೆಕ್ಟ್ರಾನಿಕ್ ಅಲ್ಲದ ಷಟರಿಗೆ ಬದಲಿಸಿ. ಕಂಡರೂ ಸುಮ್ಮನಿದ್ದರೆ ಆ ಪಟ್ಟಿಯನ್ನು ಆಮೇಲೆ ಫೋಟೋಶಾಪಿನಲ್ಲಿ ತೆಗೆಯುವುದು ನರಕ.

ದಸರಾ ಈ ಎರಡರ ನಡುವೆ ಬರುತ್ತದೆ. ಜಂಬೂ ಸವಾರಿಗೆ ಹಗಲು ಬೆಳಕು ಇರುತ್ತದೆ, ಆದರೆ ನೀವು ಬ್ಯಾರಿಕೇಡಿನ ಹಿಂದೆ ನಿಂತಿರುತ್ತೀರಿ. 70-300 ಇದ್ದರೆ ಅಂಬಾರಿ ಸಿಗುತ್ತದೆ. ಬನ್ನಿಮಂಟಪದ ಪಂಜಿನ ಕವಾಯತಿಗೆ ಎಫ್/2.8 ಬೇಕು. ದೀಪ ಹತ್ತಿದ ಅರಮನೆಗೆ ಮಾತ್ರ ಹೊಸ ಕ್ಯಾಮೆರಾ ಕೊಳ್ಳಬೇಡಿ. ಟ್ರೈಪಾಡಿನ ಮೇಲೆ ಯಾವುದಾದರೂ ನಡೆಯುತ್ತದೆ.

ಹತ್ತಿರದ ಲೆಕ್ಕ: ಭತ್ತದ ಹುಳ, ಪ್ರಬಂಧದ ಚಿತ್ರ

ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಿನಲ್ಲೋ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲೋ ಓದುವ ಹುಡುಗರು ಕೇಳುವ ಪ್ರಶ್ನೆ ಇದು. ಭತ್ತದ ಕಂದು ಜಿಗಿಹುಳು ಮೂರು ನಾಲ್ಕು ಮಿಲಿಮೀಟರ್ ಉದ್ದ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಕ್ಯಾಮೆರಾಗೆ 1:1 ಮ್ಯಾಕ್ರೋ ಲೆನ್ಸ್ (ವಸ್ತು ಎಷ್ಟಿದೆಯೋ ಅಷ್ಟೇ ದೊಡ್ಡ ಬಿಂಬ ಸೆನ್ಸರಿನ ಮೇಲೆ ಬೀಳಿಸುವಂಥದ್ದು) ಹಾಕಿದರೆ ಅದು 900 ಪಿಕ್ಸೆಲ್ ಉದ್ದ ಬರುತ್ತದೆ. ಅಚ್ಚಿನಲ್ಲಿ ಏಳೂವರೆ ಸೆಂಟಿಮೀಟರ್. ಸಂಶೋಧನಾ ಪತ್ರಿಕೆಗಳಲ್ಲಿ ಒಂದು ಕಾಲಂ ಸುಮಾರು 85 ಎಂಎಂ ಇರುತ್ತದೆ. ಇಷ್ಟು ಸಾಕು.

ಇಲ್ಲಿ ಬೆಲೆ ಇರುವುದು ಕ್ಯಾಮೆರಾದ ಬಾಡಿಗಲ್ಲ, ಲೆನ್ಸಿಗೆ ಮತ್ತು ಬೆಳಕಿಗೆ. ಸೆಕೆಂಡ್ ಹ್ಯಾಂಡ್ ಕ್ಯಾನನ್ 1500ಡಿ ಅಥವಾ 200ಡಿ, ಅದಕ್ಕೊಂದು 60, 90 ಅಥವಾ 100 ಎಂಎಂ ಮ್ಯಾಕ್ರೋ, ಒಂದು ಸಣ್ಣ ಫ್ಲಾಷ್, ಫ್ಲಾಷಿನ ಮುಂದೆ ಟ್ರೇಸಿಂಗ್ ಪೇಪರ್. ಮುಗಿಯಿತು. ಕಷ್ಟ ಇರುವುದು ಫೋಕಸಿನ ಆಳದಲ್ಲಿ. 1:1ರಲ್ಲಿ ಎಫ್/11 ಇಟ್ಟರೂ ಒಂದು ಮಿಲಿಮೀಟರಿಗಿಂತ ಕಡಿಮೆ ಭಾಗ ಮಾತ್ರ ಸ್ಪಷ್ಟ. ಇನ್ನೂ ಅಪರ್ಚರ್ ಚಿಕ್ಕದು ಮಾಡಿದರೆ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಆದ್ದರಿಂದ ಫೋಕಸ್ ಸ್ವಲ್ಪ ಸ್ವಲ್ಪ ಸರಿಸುತ್ತಾ ಹತ್ತಾರು ಚಿತ್ರ ತೆಗೆದು ಸಾಫ್ಟ್‌ವೇರಿನಲ್ಲಿ ಸೇರಿಸುತ್ತಾರೆ. ಗದ್ದೆಯಲ್ಲಿ ನಿಂತು ಇದೆಲ್ಲ ಮಾಡಲು ಪುರುಸೊತ್ತಿಲ್ಲದವರಿಗೆ ಒಲಿಂಪಸ್ ಟಿಜಿ-6, ಅದರ ಮುಂದಿನ ಟಿಜಿ-7 ಅನ್ನುವ ಪುಟ್ಟ ಕ್ಯಾಮೆರಾಗಳಿವೆ. ನೀರಿಗೆ ಬಿದ್ದರೂ ಕೆಡುವುದಿಲ್ಲ, ಒಂದು ಸೆಂಟಿಮೀಟರ್ ಹತ್ತಿರದಿಂದ ತೆಗೆಯುತ್ತವೆ, ಫೋಕಸ್ ಸೇರಿಸುವ ಕೆಲಸ ತಾವೇ ಮಾಡುತ್ತವೆ. 12 ಮೆಗಾಪಿಕ್ಸೆಲ್, ಪುಟ್ಟ ಸೆನ್ಸರ್. ಹುಳ ನೋಡುವವರಿಗೆ ಇದು ಜೇಬಿನಲ್ಲಿರುವ ಒಳ್ಳೆ ಸಂಗಾತಿ.

ಪ್ರಬಂಧಕ್ಕೆ ಹೋಗುವ ಚಿತ್ರದಲ್ಲಿ ಅಳತೆಯ ಗೆರೆ ಇರಲಿ. ಮೂಲ ಫೈಲನ್ನು ಮುಟ್ಟದೆ ಬೇರೆ ಇಟ್ಟಿರಿ, ಪತ್ರಿಕೆಯವರು ಕೇಳುವುದುಂಟು. ಕಲೆ ಅಳಿಸುವುದು, ಒಂದು ಭಾಗ ಮಾತ್ರ ಬೆಳಗಿಸುವುದು ಮಾಡಬೇಡಿ. ಮದುವೆ ಫೋಟೋದಲ್ಲಿ ನಡೆಯುವ ತಿದ್ದುಪಡಿ ಇಲ್ಲಿ ನಡೆಯುವುದಿಲ್ಲ.

ಚಪ್ಪಟೆ ವಸ್ತುವಾದರೆ, ಅಂದರೆ ಹಳೆಯ ಪತ್ರ, ಕಪ್ಪು ಬಿಳುಪು ಫೋಟೋ, ಆಹ್ವಾನ ಪತ್ರಿಕೆ, ಎ4ವರೆಗಿನದು ಯಾವುದೇ ಇರಲಿ, ಕ್ಯಾಮೆರಾನೇ ಬೇಡ. 600 ಡಿಪಿಐ (ಇಂಚಿಗೆ 600 ಚುಕ್ಕೆ) ಫ್ಲಾಟ್‌ಬೆಡ್ ಸ್ಕ್ಯಾನರ್ ಬಹುತೇಕ ಕ್ಯಾಮೆರಾಗಳನ್ನು ಮೀರಿಸುತ್ತದೆ. ತಾಳೆಗರಿಯನ್ನು ಮಾತ್ರ ಸ್ಕ್ಯಾನರಿನ ಕೆಳಗೆ ಒತ್ತಬಾರದು, ಮುರಿಯುತ್ತದೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕು ಇರುವುದರಿಂದ ಸ್ಕ್ಯಾನರಿನ ಬೆಳಕಿಗೆ ಅದು ಕಪ್ಪಾಗಿಯೋ ಬಿಳಿಯಾಗಿಯೋ ಬರುತ್ತದೆ. ಇವೆರಡಕ್ಕೂ ಕ್ಯಾಮೆರಾ ಬೇಕು. ಎರಡು ಬದಿಯಿಂದ 45 ಡಿಗ್ರಿಯಲ್ಲಿ ದೀಪ, ನಡುವೆ ನೇರವಾಗಿ ಮ್ಯಾಕ್ರೋ ಲೆನ್ಸ್, ಒಂದು ಚಿತ್ರದಲ್ಲಿ ಬಣ್ಣ ಸರಿಹೊಂದಿಸಲು ಗ್ರೇ ಕಾರ್ಡ್ (ಬೂದು ಬಣ್ಣದ ರಟ್ಟು).

ಹಳೆ ಡಿಎಸ್‌ಎಲ್‌ಆರೋ, ಹೊಸ ಮಿರರ್‌ಲೆಸ್ಸೋ

2020ರ ನಂತರ ಕ್ಯಾನನ್, ನಿಕಾನ್ ಇಬ್ಬರೂ ಹೊಸ ಡಿಎಸ್‌ಎಲ್‌ಆರ್ ಮಾಡೆಲ್ ತಂದಿಲ್ಲ. ಅದರಿಂದ ಹಳೆಯವು ಕೆಟ್ಟವಾಗಲಿಲ್ಲ, ಅಗ್ಗವಾದವು. ಮದುವೆ ಫೋಟೋಗ್ರಾಫರುಗಳು ಮಿರರ್‌ಲೆಸ್ಸಿಗೆ ಬದಲಾಗುತ್ತಾ ತಮ್ಮ ನಿಕಾನ್ ಡಿ750, ಕ್ಯಾನನ್ 6ಡಿ ಮಾರ್ಕ್ 2ಗಳನ್ನು ಮಾರುತ್ತಿದ್ದಾರೆ. 2014ರ ಡಿ750 ತೆಗೆದ ಚಿತ್ರಕ್ಕೂ ಇವತ್ತಿನ 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ತೆಗೆದ ಚಿತ್ರಕ್ಕೂ ಅಚ್ಚಾದ ಪುಟದಲ್ಲಿ ನಾನು ವ್ಯತ್ಯಾಸ ಹೇಳಲಾರೆ. ವ್ಯತ್ಯಾಸ ಇರುವುದು ತೆಗೆಯುವಾಗ. ಮಿರರ್‌ಲೆಸ್‌ನಲ್ಲಿ ಕಣ್ಣಿಗೆ ಫೋಕಸ್ ತಾನೇ ಕೂರುತ್ತದೆ, ಬೆಳಕು ಹೇಗೆ ಬರುತ್ತದೆ ಅಂತ ಮೊದಲೇ ಕಾಣುತ್ತದೆ. ಡಿಎಸ್‌ಎಲ್‌ಆರಿನ ಬ್ಯಾಟರಿ ಇಡೀ ದಿನ ಬರುತ್ತದೆ, ಮಿರರ್‌ಲೆಸ್ಸಿಗೆ ಎರಡು ಮೂರು ಬ್ಯಾಟರಿ ಇಟ್ಟುಕೊಂಡಿರಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಅಲುಗದ ವಸ್ತುವಿಗೆ ಹಳೆ ಡಿಎಸ್‌ಎಲ್‌ಆರ್ ಕೊಂಡು ಉಳಿದ ದುಡ್ಡನ್ನು ಲೆನ್ಸಿಗೆ ಹಾಕಿ. ಓಡುವ, ಹಾರುವ, ಕುಣಿಯುವ ವಸ್ತುವಿಗೆ ಮಿರರ್‌ಲೆಸ್.

ಲೆನ್ಸ್ ಜೋಡಿಯ ವಿಷಯದಲ್ಲಿ ಸ್ವಲ್ಪ ಹುಷಾರು. ಕ್ಯಾನನ್ನಿನ ಹಳೆ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಹೊಸ ಆರ್ ಬಾಡಿಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ನಿಕಾನಿನಲ್ಲಿ ಎಎಫ್-ಎಸ್ ಲೆನ್ಸ್ ಎಫ್‌ಟಿಝಡ್ ಅಡಾಪ್ಟರಿನ ಮೂಲಕ ಹೊಸ ಝಡ್ ಬಾಡಿಗಳಲ್ಲಿ ತಾನೇ ಫೋಕಸ್ ಮಾಡುತ್ತದೆ. ಅದಕ್ಕಿಂತ ಹಳೆಯ ಎಎಫ್-ಡಿ ಲೆನ್ಸುಗಳು ಮಾಡುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ಡಿ5600ರಂಥ ಚಿಕ್ಕ ಬಾಡಿಗಳಲ್ಲೂ ಅಷ್ಟೇ, ಅವುಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಮನೆಯಲ್ಲಿ ಅಪ್ಪನ ಕಾಲದ ಲೆನ್ಸ್ ಇದ್ದರೆ ಮೊದಲು ಅದು ಯಾವುದು ಅಂತ ನೋಡಿ, ಆಮೇಲೆ ಬಾಡಿ ಆರಿಸಿ.

40, 45 ಮೆಗಾಪಿಕ್ಸೆಲ್‌ನ ಫ್ಯೂಜಿಫಿಲ್ಮ್ ಎಕ್ಸ್-ಟಿ5, ನಿಕಾನ್ ಡಿ850 ಯಾರಿಗೆ ಬೇಕು? ಗೋಡೆ ತುಂಬುವ ಪ್ರದರ್ಶನ ಚಿತ್ರ ಮಾಡುವವರಿಗೆ. ಹಕ್ಕಿಯನ್ನು ಕತ್ತರಿಸಿ ದೊಡ್ಡದು ಮಾಡಲೇಬೇಕಾದವರಿಗೆ. ಪುಸ್ತಕಕ್ಕೆ, ಮ್ಯಾಗಜೀನಿಗೆ ಬೇಕಿಲ್ಲ. ಹಾರ್ಡ್ ಡಿಸ್ಕ್ ತುಂಬುತ್ತದೆ ಅಷ್ಟೇ.

ಕೊಳ್ಳುವ ಮುಂಚೆ

ಒಂದು ವಾರಾಂತ್ಯ ಬಾಡಿಗೆಗೆ ತಂದು ನೋಡಿ. ಮೈಸೂರಿನಲ್ಲಿ ಬಾಡಿ, ಲೆನ್ಸ್ ದಿನದ ಲೆಕ್ಕದಲ್ಲಿ ಕೊಡುವವರಿದ್ದಾರೆ. ಎರಡು ಕೆಜಿ ಲೆನ್ಸ್ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ಬನ್ನಿ, ಬೇಕೋ ಬೇಡವೋ ಅಂತ ಗೊತ್ತಾಗುತ್ತದೆ.

ಹಳೆಯದು ಕೊಳ್ಳುವುದಾದರೆ ಷಟರ್ ಎಷ್ಟು ಬಾರಿ ಹೊಡೆದಿದೆ ಅಂತ ಕೇಳಿ. ಡಿ7500ಗೆ ಕಂಪನಿ ಹೇಳುವ ಆಯಸ್ಸು ಒಂದೂವರೆ ಲಕ್ಷ, ಡಿ500ಗೆ ಎರಡು ಲಕ್ಷ. ನಿಕಾನಿನಲ್ಲಿ ಇದು ಫೋಟೋ ಫೈಲಿನೊಳಗೇ ಬರೆದಿರುತ್ತದೆ, ಉಚಿತ ಆ್ಯಪ್‌ಗಳು ಓದಿ ಹೇಳುತ್ತವೆ. ಲೆನ್ಸಿನ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಒಳಗೆ ಜೇಡರ ಬಲೆಯಂತೆ ಕಂಡರೆ ಫಂಗಸ್, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ. ಬಿಳಿ ಗೋಡೆಯನ್ನು ಎಫ್/16ರಲ್ಲಿ ತೆಗೆದರೆ ಸೆನ್ಸರಿನ ಮೇಲಿನ ದೂಳು ಕಾಣುತ್ತದೆ. ಅದು ಸ್ವಚ್ಛ ಮಾಡಿಸಬಹುದಾದದ್ದು, ಗಾಬರಿ ಬೇಡ. ಹೊಸದು ಕೊಳ್ಳುವಾಗ ಭಾರತದ ವಾರಂಟಿ ಕಾರ್ಡ್, ಬಿಲ್ ಎರಡೂ ಪಡೆಯಿರಿ. ಬೆಲೆ ತೀರಾ ಕಡಿಮೆ ಇದ್ದರೆ ಅದು ಹೊರದೇಶದಿಂದ ಹಾಗೇ ತಂದ ಮಾಲು ಇರಬಹುದು.

ಕೊನೆಗೆ ಫೈಲ್ ಕಳಿಸುವ ವಿಷಯ. ಒಳ್ಳೆ ಕ್ಯಾಮೆರಾದಲ್ಲಿ ತೆಗೆದ ಚಿತ್ರವನ್ನು ವಾಟ್ಸಾಪಿನಲ್ಲಿ ಮಾಮೂಲಿ ಫೋಟೋದಂತೆ ಕಳಿಸಿದರೆ ಅದು ಎರಡು ಮೆಗಾಪಿಕ್ಸೆಲ್ಲಿನ ಆಸುಪಾಸಿಗೆ ಕುಗ್ಗಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಅಥವಾ ಡ್ರೈವ್‌ಗೆ ಹಾಕಿ ಲಿಂಕ್ ಕೊಡಿ. ಪ್ರೆಸ್ಸಿನವರು 300 ಡಿಪಿಐ ಕೇಳಿದರು ಅಂತ ಫೋಟೋಶಾಪಿನಲ್ಲಿ 72ನ್ನು ಅಳಿಸಿ 300 ಬರೆದರೆ ಏನೂ ಬದಲಾಗುವುದಿಲ್ಲ. 6000 × 4000 ಪಿಕ್ಸೆಲ್ ಚಿತ್ರ ಎರಡು ಸಂಖ್ಯೆಯಲ್ಲೂ ಅದೇ ಚಿತ್ರ. ಸಣ್ಣ ಚಿತ್ರವನ್ನು ಎಳೆದು ದೊಡ್ಡದು ಮಾಡಿ ಕಳಿಸುವುದಂತೂ ಬೇಡವೇ ಬೇಡ. ಬಣ್ಣವನ್ನು ಸಿಎಂವೈಕೆಗೆ (ಮುದ್ರಣದ ನಾಲ್ಕು ಬಣ್ಣಕ್ಕೆ) ನೀವೇ ಬದಲಿಸಬೇಡಿ, ಯಾವ ಕಾಗದ ಅಂತ ಗೊತ್ತಿರುವ ಪ್ರೆಸ್ಸಿನವರು ಮಾಡಿಕೊಳ್ಳುತ್ತಾರೆ. ಕ್ಯಾಮೆರಾದಿಂದ ಬಂದ ಪೂರ್ತಿ ಅಳತೆಯ ಜೆಪೆಗ್, ಇದ್ದರೆ ರಾ ಕೂಡ, ಫೈಲಿನ ಹೆಸರಿನಲ್ಲಿ ಜಾಗ ಮತ್ತು ತಿಂಗಳು. ಇಷ್ಟು ಕೊಟ್ಟರೆ ಪುಟ ಕಟ್ಟುವವರಿಗೆ ಬೇರೇನೂ ಕೇಳಬೇಕಾಗಿಲ್ಲ.